ಬಲಿ ಕೊಡಬಹುದಾದದ್ದು ಕಾಯಿ, ಮಗುವಲ್ಲ

ಚದುರಂಗ ಒಂಟಿ ಆಟ. ಎದುರಿಗೆ ಒಬ್ಬ ಎದುರಾಳಿ, ನಡುವೆ ಅರವತ್ತನಾಲ್ಕು ಮನೆಗಳು. ಪಕ್ಕದಲ್ಲಿ ಕುಳಿತ ಗೆಳೆಯ ಪಿಸುಗುಟ್ಟಿ ಒಂದು ನಡೆ ಹೇಳಿಕೊಟ್ಟರೂ ಅದು ಅಪರಾಧ. ಹೀಗಿದ್ದರೂ ನಮ್ಮ ಶಾಲೆಗಳು ಚದುರಂಗಕ್ಕೆ ತಂಡ ಕಟ್ಟುತ್ತವೆ, ಶಾಲೆ ಶಾಲೆಗಳ ನಡುವೆ ಪಂದ್ಯಗಳು ನಡೆಯುತ್ತವೆ, ಗೆದ್ದ ಕಪ್ಪು ಮುಖ್ಯೋಪಾಧ್ಯಾಯರ ಕೋಣೆಯ ಕಪಾಟು ಸೇರುತ್ತದೆ. ಒಬ್ಬೊಬ್ಬರೇ ಆಡುವ ಆಟವನ್ನು ತಂಡದ ಲೆಕ್ಕಕ್ಕೆ ಸೇರಿಸಿದಾಗ ಒಂದು ಪ್ರಶ್ನೆ ಏಳುತ್ತದೆ. ಆ ಮಗು ಆಡುತ್ತಿರುವ ಆಟ ಯಾರದು? ಮಗುವಿನದೋ, ಶಾಲೆಯದೋ?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ವ್ಯಕ್ತಿಗೂ ಸಮೂಹಕ್ಕೂ ಇರುವ ಸಂಬಂಧದ ಮೊದಲ ಪಾಠವನ್ನು ನಮ್ಮ ಮಕ್ಕಳು ಕಲಿಯುವುದು ಇಂಥ ಕಡೆಗಳಲ್ಲೇ. ಆ ಪಾಠ ಸರಿಯಾಗಿದೆಯೇ ಎಂದು ನೋಡುವುದು ಹಿರಿಯರಾದ ನಮ್ಮ ಹೊಣೆ.

ತಂಡ ಸ್ಪರ್ಧೆಯ ಸಾಮಾನ್ಯ ಕ್ರಮ ಹೀಗಿದೆ. ಒಂದೊಂದು ತಂಡದಲ್ಲಿ ನಾಲ್ವರು. ಈ ತಂಡದ ಒಂದನೇ ಬೋರ್ಡಿನವನು ಆ ತಂಡದ ಒಂದನೇ ಬೋರ್ಡಿನವನೊಡನೆ, ಎರಡನೆಯವನು ಎರಡನೆಯವನೊಡನೆ ಆಡುತ್ತಾನೆ. ಗೆದ್ದರೆ 1 ಅಂಕ, ಡ್ರಾ ಆದರೆ ಅರ್ಧ. ನಾಲ್ಕು ಬೋರ್ಡುಗಳಲ್ಲಿ ಒಟ್ಟು ಎರಡೂವರೆ ಅಂಕ ಬಂದರೆ ಪಂದ್ಯ ಗೆದ್ದಂತೆ. ಇದರಲ್ಲೊಂದು ಸೊಗಸಾದ ಸಮಾನತೆ ಇದೆ. ಒಂದನೇ ಬೋರ್ಡಿನಲ್ಲಿ ಕುಳಿತ ಪ್ರತಿಭಾವಂತನ ಗೆಲುವಿಗೂ, ನಿನ್ನೆ ಮೊನ್ನೆ ಆಟ ಕಲಿತು ನಾಲ್ಕನೇ ಬೋರ್ಡಿಗೆ ಬಂದ ಹುಡುಗಿಯ ಗೆಲುವಿಗೂ ಬೆಲೆ ಒಂದೇ.

ಆದರೆ ಈ ಸಮಾನತೆಯ ಬೆನ್ನಲ್ಲೇ ಒಂದು ಉಪಾಯವೂ ಹುಟ್ಟಿಕೊಳ್ಳುತ್ತದೆ. ತಂಡದ ಅತಿ ದುರ್ಬಲ ಆಟಗಾರನನ್ನು ಒಂದನೇ ಬೋರ್ಡಿನಲ್ಲಿ ಕೂರಿಸಿದರೆ ಉಳಿದ ಮೂವರೂ ಒಂದೊಂದು ಬೋರ್ಡು ಕೆಳಗಿಳಿಯುತ್ತಾರೆ. ಅವರಿಗೆ ತಮಗಿಂತ ದುರ್ಬಲ ಎದುರಾಳಿಗಳು ಸಿಗುತ್ತಾರೆ. ಒಂದು ಬೋರ್ಡು ಹೋಗುತ್ತದೆ, ಮೂರು ಬರುತ್ತವೆ. ಇದನ್ನು ತಡೆಯಲೆಂದೇ ಆಟಗಾರರನ್ನು ರೇಟಿಂಗ್ ಕ್ರಮದಲ್ಲಿ ಕೂರಿಸಬೇಕೆಂದು ವಿಧಿಸುವ ಟೂರ್ನಿಗಳಿವೆ. ಆದರೆ ಶಾಲಾ ಮಕ್ಕಳಲ್ಲಿ ಅನೇಕರಿಗೆ ರೇಟಿಂಗೇ ಇರುವುದಿಲ್ಲ. ಯಾರು ಬಲಶಾಲಿ ಎಂಬುದು ಮೇಷ್ಟ್ರ ಪಟ್ಟಿಯಲ್ಲಿ ಬರೆದಂತೆ. ಅಂದರೆ ಇಲ್ಲಿ ನಿಯಮ ಕೈಬಿಟ್ಟ ಜಾಗವನ್ನು ನೀತಿಯೇ ತುಂಬಬೇಕು.

ಈ ಉಪಾಯದ ಪರವಾಗಿ ವಾದಿಸುವವರು ಚದುರಂಗದಿಂದಲೇ ಉದಾಹರಣೆ ಕೊಡುತ್ತಾರೆ. ರಾಜನನ್ನು ಉಳಿಸಲು ಕಾಲಾಳನ್ನು ಬಿಟ್ಟುಕೊಡುವುದಿಲ್ಲವೇ? ಸಮಯ ಬಂದರೆ ಆನೆಯನ್ನೂ ಮಂತ್ರಿಯನ್ನೂ ಬಲಿ ಕೊಡುವುದಿಲ್ಲವೇ? ಅದನ್ನು ಕಂಡು ಎಲ್ಲರೂ ಭೇಷ್ ಎನ್ನುವುದಿಲ್ಲವೇ? ಒಬ್ಬನ ಸೋಲಿನಿಂದ ಮೂವರು ಗೆದ್ದರೆ, ಆ ಗೆಲುವಿನಲ್ಲಿ ಸೋತವನಿಗೂ ಪಾಲಿದೆಯಲ್ಲವೇ?

ವಾದ ಕೇಳಲು ಚೆನ್ನಾಗಿದೆ. ಆದರೆ ಕಾಲಾಳಿಗೆ ಮನೆಗೆ ಹೋಗುವುದಿಲ್ಲ, ರಾತ್ರಿ ನಿದ್ದೆ ಕೆಡುವುದಿಲ್ಲ, ಆಟ ಮುಗಿದ ಮೇಲೆ ಅದು ಎಲ್ಲ ಕಾಯಿಗಳ ಜೊತೆ ಒಂದೇ ಡಬ್ಬಿ ಸೇರುತ್ತದೆ. ಮಗುವಿನ ವಿಷಯ ಹಾಗಲ್ಲ. ಪ್ರತಿ ಸುತ್ತಿನಲ್ಲೂ ಎದುರು ಶಾಲೆಯ ಅತ್ಯುತ್ತಮ ಆಟಗಾರನ ಮುಂದೆ ಕುಳಿತು, ಇಪ್ಪತ್ತು ನಡೆಗಳೊಳಗೆ ಸೋತು ಎದ್ದು ಬರುವ ಹುಡುಗನಿಗೆ ತನ್ನನ್ನು ಯಾಕೆ ಅಲ್ಲಿ ಕೂರಿಸಿದ್ದಾರೆಂಬುದು ಬೇಗನೆ ಅರ್ಥವಾಗುತ್ತದೆ. ತಾನು ಸೋಲಲಿಕ್ಕಾಗಿಯೇ ಆಯ್ಕೆಯಾದವನು! ಬಲಶಾಲಿಯ ಮುಂದೆ ಸೋಲುವುದು ಅವಮಾನವಲ್ಲ, ಕಲಿಯುವವನಿಗೆ ಅದು ಲಾಭವೇ. ಅವಮಾನ ಇರುವುದು ತನ್ನವರೇ ತನ್ನ ಸೋಲನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ ಎಂಬ ಅರಿವಿನಲ್ಲಿ. ಎದುರು ಶಾಲೆಯ ಹುಡುಗನಿಗೂ ಇದರಿಂದ ಅನ್ಯಾಯವೇ. ಸಮಬಲದ ಆಟ ಆಡಲು ಬಂದವನಿಗೆ ಒಂದು ಹುಸಿ ಗೆಲುವು ಸಿಗುತ್ತದೆ.

ಹಾಗಾದರೆ ತಂಡಕ್ಕಾಗಿ ಯಾರೂ ಏನನ್ನೂ ಬಿಡಬೇಕಾಗಿಲ್ಲವೇ? ಬಿಡಬೇಕು, ಬಿಡದಿದ್ದರೆ ಅದು ತಂಡವೇ ಅಲ್ಲ. ಒಬ್ಬ ಹುಡುಗಿ ತುಸು ಮೇಲುಗೈ ಸಾಧಿಸಿದ್ದಾಳೆ ಎನ್ನಿ. ಇನ್ನೂ ಆಡಿದರೆ ಗೆಲ್ಲಬಹುದು, ಸೋಲಲೂಬಹುದು. ಅಷ್ಟರಲ್ಲಿ ಎದುರಾಳಿ ಡ್ರಾ ಕೇಳುತ್ತಾನೆ. ತಂಡದ ಕೈಯಲ್ಲಿ ಆಗಲೇ ಎರಡು ಅಂಕಗಳಿವೆ, ಅರ್ಧ ಅಂಕ ಬಂದರೆ ಪಂದ್ಯ ಕೈಗೂಡುತ್ತದೆ. ಇಲ್ಲಿ ತನ್ನ ಗೆಲುವಿನ ಆಸೆಯನ್ನು ಬಿಟ್ಟು ಕೈ ಕುಲುಕಿದರೆ ಅದು ನಿಜವಾದ ತ್ಯಾಗ.

ಈ ಸಂದರ್ಭಕ್ಕೆ ಅಂತಾರಾಷ್ಟ್ರೀಯ ಚದುರಂಗ ಒಕ್ಕೂಟ ಫಿಡೆಯ ನಿಯಮಾವಳಿಯಲ್ಲಿರುವ ವ್ಯವಸ್ಥೆ ಗಮನಾರ್ಹ. ತಂಡದ ನಾಯಕ ಆಟಗಾರನಿಗೆ ಡ್ರಾ ಕೇಳು ಅಥವಾ ಡ್ರಾ ಒಪ್ಪಿಕೋ ಎಂದು ಸಲಹೆ ಕೊಡಬಹುದು. ಆದರೆ ಬೋರ್ಡಿನ ಮೇಲಿನ ಸ್ಥಿತಿಯ ಬಗ್ಗೆ ಒಂದು ಮಾತನ್ನೂ ಆಡಕೂಡದು. ಪಂದ್ಯದ ಒಟ್ಟು ಸ್ಥಿತಿ ತಂಡಕ್ಕೆ ಸೇರಿದ್ದು, ಆಟ ಆಟಗಾರನಿಗೆ ಸೇರಿದ್ದು. ಈ ಗೆರೆ ಬಹಳ ಯೋಚಿಸಿ ಎಳೆದದ್ದು ಎಂದೇ ನಮಗೆ ಅನಿಸುತ್ತದೆ. ಸಮೂಹ ತನ್ನ ಅಗತ್ಯವನ್ನು ಹೇಳಬಹುದು, ವ್ಯಕ್ತಿಯ ಬುದ್ಧಿಯ ಜಾಗವನ್ನು ಆಕ್ರಮಿಸಬಾರದು. ಫಲಿತಾಂಶವನ್ನು ಮೊದಲೇ ಮಾತಾಡಿಕೊಂಡು ಆಡುವುದಂತೂ ನಿಷಿದ್ಧವೇ.

ಮೊದಲಿನ ಉಪಾಯಕ್ಕೂ ಈ ಡ್ರಾಕ್ಕೂ ಇರುವ ವ್ಯತ್ಯಾಸ ಇಷ್ಟೇ. ಇಲ್ಲಿ ಹುಡುಗಿಗೆ ವಿಷಯ ತಿಳಿದಿದೆ, ಅವಳನ್ನು ಕೇಳಿದ್ದಾರೆ, ಒಪ್ಪುವ ಬಿಡುವ ಅಧಿಕಾರ ಅವಳಿಗಿದೆ. ಅಲ್ಲಿ ಹುಡುಗನಿಗೆ ತಿಳಿಸಿದವರಿಲ್ಲ, ಕೇಳಿದವರಿಲ್ಲ. ತಾನಾಗಿ ಕೊಟ್ಟರೆ ತ್ಯಾಗ. ಇನ್ನೊಬ್ಬರು ಅವನಿಂದ ಕಿತ್ತುಕೊಂಡು ಅದಕ್ಕೆ ತ್ಯಾಗವೆಂದು ಹೆಸರಿಟ್ಟರೆ ಅದು ಬಳಕೆ. ಕೇಳಿದರೆ ಸಾಕೇ ಎಂದು ಯಾರಾದರೂ ಆಕ್ಷೇಪಿಸಬಹುದು. ಮೇಷ್ಟ್ರು ಕೇಳಿದರೆ ಇಲ್ಲ ಎನ್ನುವ ಮಗು ಎಲ್ಲಿದೆ? ಈ ಆಕ್ಷೇಪ ಸರಿಯಾದದ್ದೇ. ಮಕ್ಕಳ ಒಪ್ಪಿಗೆ ಸುಲಭವಾಗಿ ಸಿಗುವುದರಿಂದಲೇ ಅದನ್ನು ಕೇಳುವವರು ಹೆಚ್ಚು ಸಂಕೋಚಪಡಬೇಕು. ಇಲ್ಲ ಎಂದರೂ ಬೆನ್ನು ತಟ್ಟುವ ಮೇಷ್ಟ್ರಿಗೆ ಮಾತ್ರ ಕೇಳುವ ಹಕ್ಕಿದೆ.

2024ರಲ್ಲಿ ಬುಡಾಪೆಸ್ಟ್‌ನ ಒಲಿಂಪಿಯಾಡಿನಲ್ಲಿ ಭಾರತ ಮುಕ್ತ ಹಾಗೂ ಮಹಿಳಾ ವಿಭಾಗಗಳೆರಡರಲ್ಲೂ ಚಿನ್ನ ಗೆದ್ದಿತು. ಮುಕ್ತ ವಿಭಾಗದ ತಂಡ 22 ಪಂದ್ಯಾಂಕಗಳಲ್ಲಿ 21 ಗಳಿಸಿತು. ಗುಕೇಶ್, ಅರ್ಜುನ್ ಎರಿಗೈಸಿ ಅವರ ಆಟವನ್ನು ದೇಶ ಕೊಂಡಾಡಿತು. ಅದೇ ತಂಡದಲ್ಲಿ ಎಲ್ಲರಿಗಿಂತ ಹಿರಿಯರಾದ ಪೆಂಟಾಲ ಹರಿಕೃಷ್ಣ ಮೀಸಲು ಆಟಗಾರರಾಗಿದ್ದರು. 2001ರಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದ ಅವರಿಗೆ ಅಲ್ಲಿ ಸಿಕ್ಕಿದ್ದು ಕೆಲವೇ ಆಟಗಳು. ಆದರೂ ತಂಡದ ಚಿನ್ನದಲ್ಲಿ ಅವರದೂ ಸಮಪಾಲು. ಪಕ್ಕದಲ್ಲಿ ಕೂರುವುದೂ ಗೌರವದ ಕೆಲಸವಾಗಬಲ್ಲದು, ಆ ಗೌರವವನ್ನು ತಂಡ ಕೊಟ್ಟರೆ.

ದೂರದ ನ್ಯೂಯಾರ್ಕಿನಲ್ಲಿ, ಬ್ರೂಕ್ಲಿನ್‌ನ ಐ.ಎಸ್. 318 ಎಂಬ ಸರಕಾರಿ ಶಾಲೆಯಿದೆ. ಅಲ್ಲಿನ ಬಹುಪಾಲು ಮಕ್ಕಳು ಬಡ ಕುಟುಂಬಗಳವರು. 2012ರಲ್ಲಿ ಈ ಮಾಧ್ಯಮಿಕ ಶಾಲೆಯ ತಂಡ ತನಗಿಂತ ದೊಡ್ಡ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಪ್ರೌಢಶಾಲಾ ಪ್ರಶಸ್ತಿಯನ್ನು ಗೆದ್ದಿತು. ಅಂಥ ಸಾಧನೆ ಮಾಡಿದ ಮೊದಲ ಮಾಧ್ಯಮಿಕ ಶಾಲೆ ಅದು. ಆ ಸ್ಪರ್ಧೆಯಲ್ಲಿ ಬೋರ್ಡುಗಳ ಲೆಕ್ಕವಿಲ್ಲ. ಮಕ್ಕಳು ಬಿಡಿಯಾಗಿ ಆಡುತ್ತಾರೆ, ಶಾಲೆಯ ಉತ್ತಮ ನಾಲ್ವರ ಅಂಕಗಳನ್ನು ಕೂಡಿಸುತ್ತಾರೆ. ಐದನೆಯವನ ಅಂಕ ಕೂಡಿಕೆಗೆ ಬರುವುದಿಲ್ಲ. ಆದರೆ ಆ ನಾಲ್ವರು ವರ್ಷವಿಡೀ ಅಭ್ಯಾಸ ಮಾಡುವುದು ಯಾರೊಡನೆ? ಆ ಐದನೆಯವನೊಡನೆ, ಆರನೆಯವಳೊಡನೆ. ಲೆಕ್ಕಕ್ಕೆ ಬಾರದವರ ಬಲದಿಂದಲೇ ಲೆಕ್ಕಕ್ಕೆ ಬರುವವರು ಗೆಲ್ಲುವುದು. ಚದುರಂಗದ ಹೊರಗೂ ಇದು ನಿಜ.

ಶಾಲೆಗಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ಯಾರು ಯಾವ ಬೋರ್ಡಿನಲ್ಲಿ ಯಾಕೆ ಕೂರುತ್ತಾರೆಂದು ಮಕ್ಕಳೆದುರೇ ಹೇಳಲಿ. ಹೇಳಲು ನಾಚಿಕೆಯಾಗುವ ಕಾರಣವಿದ್ದರೆ ಆ ಪಟ್ಟಿಯನ್ನು ಹರಿದುಹಾಕಲಿ. ಮೀಸಲು ಮಗುವಿಗೆ ವರ್ಷದಲ್ಲಿ ಕೆಲವಾದರೂ ನಿಜವಾದ ಸುತ್ತುಗಳು ಸಿಗಲಿ. ಸೋತು ಬಂದವನ ಆಟವನ್ನೂ ಗೆದ್ದವನ ಆಟದಷ್ಟೇ ಶ್ರದ್ಧೆಯಿಂದ ಕೂತು ನೋಡಲಿ. ಪೋಷಕರಾದ ನಾವೂ ಮಗು ಮನೆಗೆ ಬಂದೊಡನೆ "ಗೆದ್ದೆಯಾ?" ಎಂದು ಕೇಳುವ ಮೊದಲು "ಹೇಗೆ ಆಡಿದೆ?" ಎಂದು ಕೇಳೋಣ.

ಇದರಿಂದ ಕೆಲವು ಕಪ್ಪುಗಳು ಕೈತಪ್ಪಬಹುದು, ತಪ್ಪಲಿ. ಇಂದು ನಾಲ್ಕು ಬೋರ್ಡುಗಳ ತಂಡದಲ್ಲಿ ಗೆಳೆಯನೊಬ್ಬನನ್ನು ಖರ್ಚಿನ ಬಾಬ್ತಾಗಿ ಕಾಣಲು ಕಲಿತ ಮಗು ನಾಳೆ ಕಚೇರಿಯಲ್ಲೋ ಊರಿನ ಸಮಿತಿಯಲ್ಲೋ ಕೂತು ಇನ್ನಾರನ್ನೋ ಹಾಗೆಯೇ ಕಾಣುತ್ತದೆ. ಆಗ ಅದಕ್ಕೆ ಆ ಲೆಕ್ಕ ಕಲಿಸಿದವರು ಯಾರೆಂದು ನಾವು ಹುಡುಕಬೇಕಾಗಿ ಬರಬಾರದು.