ಕೊಸರೋ, ಗಾಳವೋ?

ಸೊಪ್ಪು ಕೊಂಡವರ ಚೀಲಕ್ಕೆ ಅಂಗಡಿಯಾಕೆ ನಾಲ್ಕು ಎಳೆ ಕೊತ್ತಂಬರಿ ಹೆಚ್ಚಾಗಿ ಹಾಕಿದರೆ ಅದನ್ನು ನಾವು ಕೊಸರು ಎನ್ನುತ್ತೇವೆ. ಕೊಸರಿನೊಂದಿಗೆ ವ್ಯಾಪಾರ ಮುಗಿಯುತ್ತದೆ. ಕೊಟ್ಟವರಿಗೂ ಪಡೆದವರಿಗೂ ಸಮಾಧಾನ. ಮಕ್ಕಳ ಮಿಠಾಯಿಯೊಡನೆ ಬರುವ ಚಿತ್ರವೂ ಇಂತಹ ಕೊಸರೇ?

1987ರ ವಿಶ್ವಕಪ್ ಪಂದ್ಯಗಳು ಭಾರತ ಮತ್ತು ಪಾಕಿಸ್ತಾನದಲ್ಲಿ ನಡೆದವು. ಅಕ್ಟೋಬರ್ 30ರಂದು ನಮ್ಮ ಪುಣೆಯ ನೆಹರೂ ಸ್ಟೇಡಿಯಂನಲ್ಲಿ ಇಂಗ್ಲೆಂಡ್ ಮತ್ತು ಶ್ರೀಲಂಕಾ ಆಡಿದವು. ಆ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ಮಿನೊಡನೆ ಕ್ರಿಕೆಟ್ ಆಟಗಾರರ ಚಿತ್ರಗಳು ಬರುತ್ತಿದ್ದವು. ಅವುಗಳಲ್ಲಿನ ರನ್ನು, ವಿಕೆಟ್ಟುಗಳನ್ನು ಕೂಡಿಸಿದರೆ ಬಹುಮಾನ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಇಂತಹ ಚಿತ್ರಗಳ ಅದಲು ಬದಲಿಗೆ ಯಾವ ಭಾಷೆಯೂ ಅಡ್ಡಿಯಲ್ಲ. ಈ ಗುಣವನ್ನು ಮರೆಯಬಾರದು.

ಈ ಪದ್ಧತಿ ಅಮೆರಿಕದಲ್ಲಿ ಇನ್ನೂ ಹಳೆಯದು. 19ನೆಯ ಶತಮಾನದ ಕೊನೆಯಲ್ಲಿ ಸಿಗರೇಟಿನ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡುಗಳು ಬರುತ್ತಿದ್ದವು. ಮುಂದೆ ಮಿಠಾಯಿಯವರು ಅದನ್ನು ಮಕ್ಕಳತ್ತ ತಿರುಗಿಸಿದರು. ಅಮೆರಿಕನ್ ಕ್ಯಾರಮೆಲ್ ಕಂಪನಿ, 1914ರಲ್ಲಿ ಕ್ರ್ಯಾಕರ್ ಜ್ಯಾಕ್, 1933ರಲ್ಲಿ ಬಾಸ್ಟನ್ನಿನ ಗೌಡಿ ಗಮ್ ಕಂಪನಿ, ಹೀಗೆ ಸಾಲುಸಾಲಾಗಿ ಬಂದವು. ಗೌಡಿಯ ಕಾರ್ಡುಗಳಿಗೆ 1ರಿಂದ 240ರವರೆಗೆ ಸಂಖ್ಯೆಗಳಿದ್ದವು. ಆದರೆ 106ನೆಯದು ಆ ವರ್ಷ ಯಾರಿಗೂ ಸಿಗಲಿಲ್ಲ. ಅದು ಹೊರಬಂದೇ ಇರಲಿಲ್ಲ. ದೂರಿ ಪತ್ರ ಬರೆದವರಿಗೆ 1934ರಲ್ಲಿ ನೆಪೋಲಿಯನ್ ಲಾಜ್ವೆಯ ಚಿತ್ರವಿದ್ದ ಆ ಕಾರ್ಡು ಅಂಚೆಯಲ್ಲಿ ಬಂತು. ಮಾರಾಟ ಹೆಚ್ಚಿಸಲು ಹೂಡಿದ ಉಪಾಯವಿದು ಎಂದೇ ಸಂಗ್ರಾಹಕರು ನಂಬುತ್ತಾರೆ.

ಗಮ್ಮಿಗೆ ಹಣ ಪಡೆದೆವು, ಗಮ್ಮು ಕೊಟ್ಟೆವು, ಇದರಲ್ಲಿ ಮೋಸವೆಲ್ಲಿ ಎಂದು ವ್ಯಾಪಾರಿ ಕೇಳಬಹುದು. ಇಬ್ಬರು ಪ್ರೌಢರ ನಡುವೆ ಈ ವಾದ ನಿಂತೀತು. ಆದರೆ ಪೊಟ್ಟಣದೊಳಗೆ ಏನಿದೆಯೆಂಬುದು ಮಗುವಿಗೆ ತಿಳಿಯದು. ಸಿಗದಿದ್ದರೆ ನಿಲ್ಲಿಸಬೇಕೆಂಬ ವಿವೇಕವೂ ಇನ್ನೂ ಬಲಿತಿರುವುದಿಲ್ಲ. ಆ ಎಳೆಯ ಆಸೆಯ ಮೇಲೆ ಲೆಕ್ಕ ಹಾಕಿದರೆ ಕೊಸರು ಗಾಳವಾಗುತ್ತದೆ. ಕೊಸರು ಹಿಂದಿನ ವ್ಯಾಪಾರಕ್ಕೆ ಕೃತಜ್ಞತೆ. ಗಾಳ ಮುಂದಿನ ವ್ಯಾಪಾರಕ್ಕೆ ಹೊಂಚು.

ಹಾಗೆಂದು ಮಕ್ಕಳ ಕೈಯಿಂದ ಚಿತ್ರಗಳನ್ನು ಕಸಿಯಬೇಕಿಲ್ಲ. ಕೂಡಿಸುವುದು, ಜೋಡಿಸಿಡುವುದು, ಇನ್ನೊಬ್ಬರೊಡನೆ ಹಂಚಿಕೊಳ್ಳುವುದು ಒಳ್ಳೆಯ ಹವ್ಯಾಸಗಳೇ. ತನ್ನಲ್ಲಿಲ್ಲದ ಚಿತ್ರವನ್ನು ಅಂಗಡಿಯಲ್ಲಿ ಹುಡುಕುವ ಮೊದಲು ಗೆಳೆಯನ ಬಳಿ ಹುಡುಕಲು ಕಲಿಸಿದರೆ ಆಟವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. 106ನೆಯ ಕಾರ್ಡಿನ ಅನ್ಯಾಯವೂ ಇಲ್ಲಿಯೇ ಇದೆ: ಯಾವ ಗೆಳೆಯನ ಬಳಿಯೂ ಇಲ್ಲದ್ದನ್ನು ಹುಡುಕಲು ಅದು ಮಕ್ಕಳನ್ನು ಹಚ್ಚಿತು. ಇಂದು ಮೊಬೈಲ್ ಆಟಗಳಲ್ಲಿ ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನೂ ತಾಯಿತಂದೆಯರು ಇದೇ ಒರೆಗೆ ಹಚ್ಚಿ ನೋಡಬಹುದು.