ಮೂವರು, ಆದರೂ ದೇವರು ಒಬ್ಬನೇ

ಶಿಲುಬೆ ಗುರುತು ಹಾಕುವಾಗ ಪಿತ, ಸುತ, ಪವಿತ್ರಾತ್ಮ ಎಂದು ಮೂವರನ್ನು ಕರೆದರೂ ‘ನಾಮದಲ್ಲಿ’ ಅನ್ನುವುದು ಒಂದೇ ಸಲ. ದೇವರು ಒಬ್ಬನೇ.

ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಗುರು ಇದನ್ನು ಒಪ್ಪಲಿಲ್ಲ. ಸುತನೂ ಪಿತನಿಂದ ಸೃಷ್ಟಿಯಾದವನೇ ಎಂದು ಬೋಧಿಸಿದ. ಕ್ರಿ.ಶ. 325ರಲ್ಲಿ, ಈಗಿನ ತುರ್ಕಿ ದೇಶದ ನೈಸಿಯಾದಲ್ಲಿ ಸೇರಿದ ಧರ್ಮಾಧ್ಯಕ್ಷರು ಅದನ್ನು ತಳ್ಳಿಹಾಕಿ, ಸುತನು ಪಿತನೊಂದಿಗೆ ಏಕಸತ್ವನು ಎಂದು ಸಾರಿದರು.

ಇದು ಬರೀ ಪಂಡಿತರ ಜಗಳ ಅಂದುಕೊಳ್ಳಬೇಡಿ. ಆರಿಯಸ್ ಹೇಳಿದ್ದೇ ನಿಜವಾದರೆ ಶಿಲುಬೆಯ ಮೇಲೆ ನರಳಿದ್ದು ದೇವರು ಕಳಿಸಿದ ಆಳು ಮಾತ್ರ. ದೇವರು ದೂರ ನಿಂತು ನೋಡಿದ ಹಾಗಾಯ್ತು. ಹಾಗಲ್ಲ, ಮನುಷ್ಯನಾಗಿ ಬಂದು ಕೈಗೆ ಮೊಳೆ ಹೊಡೆಸಿಕೊಂಡವನು ದೇವರೇ. ಹೆತ್ತ ಮಗನನ್ನು ಮಣ್ಣು ಮಾಡಿ ಈ ಬೆಟ್ಟ ಹತ್ತಿ ಬರುವ ತಾಯಿ ಮೇಣದಬತ್ತಿ ಹಚ್ಚಿ ಅಳುವುದು ಅವನ ಮುಂದೆ.