ಅನಿಸಿಕೆಗೆ ರುಜು ಹಾಕುವ ಮುನ್ನ

ಕ್ರಿ.ಶ. 170ರ ದಶಕ. ರೋಮ್ ಸಾಮ್ರಾಜ್ಯದ ಉತ್ತರ ಗಡಿಯಲ್ಲಿ, ಡ್ಯಾನ್ಯೂಬ್ ನದಿಯ ಆಸುಪಾಸಿನ ದಂಡಿನ ಪಾಳೆಯಗಳಲ್ಲಿ, ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಗ್ರೀಕ್ ಭಾಷೆಯಲ್ಲಿ ಟಿಪ್ಪಣಿಗಳನ್ನು ಬರೆದಿಡುತ್ತಿದ್ದ. ಒಂದೆಡೆ ಗಡಿಯಾಚೆಯ ಬುಡಕಟ್ಟುಗಳೊಡನೆ ಮುಗಿಯದ ಯುದ್ಧ, ಇನ್ನೊಂದೆಡೆ ಸೈನಿಕರ ಜೊತೆಗೇ ಊರೂರಿಗೆ ಹಬ್ಬಿದ್ದ ಸಾಂಕ್ರಾಮಿಕ. ಹತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಬಹುಪಾಲು ಮಂದಿ ಅವನಿಗಿಂತ ಮೊದಲೇ ತೀರಿಕೊಂಡರು. 175ರಲ್ಲಿ, ನಂಬಿದ್ದ ಸೇನಾಪತಿ ಅವಿಡಿಯಸ್ ಕ್ಯಾಸಿಯಸ್ ತಾನೇ ಚಕ್ರವರ್ತಿ ಎಂದು ಸಾರಿಕೊಂಡ.

ಇಂದು 'ಮೆಡಿಟೇಷನ್ಸ್' ಎಂದು ಹೆಸರಾಗಿರುವ ಆ ಬರಹದಲ್ಲಿ ಈ ಘಟನೆಗಳ ದಿನಚರಿ ಇಲ್ಲ. ಇರುವುದು ತನ್ನನ್ನೇ 'ನೀನು' ಎಂದು ಕರೆದು, ಒಳಗೆ ಎದ್ದ ಸಿಟ್ಟು, ಅಂಜಿಕೆ, ಬೇಸರಗಳನ್ನು ವಿಚಾರಣೆಗೆ ನಿಲ್ಲಿಸುವ ಮಾತು.

ಈ ವಿಚಾರಣೆಯ ಹಿಂದೆ ಮಾರ್ಕಸ್ ಅನುಸರಿಸಿದ ಸ್ಟೋಯಿಕ್ ದರ್ಶನದ ಒಂದು ಮುಖ್ಯ ಪರಿಕಲ್ಪನೆ ಇದೆ: ಸಮ್ಮತಿ. ಗುಲಾಮನಾಗಿ ಬದುಕು ಆರಂಭಿಸಿ, ಮುಂದೆ ನಿಕೊಪೊಲಿಸ್‌ನಲ್ಲಿ ಶಾಲೆ ನಡೆಸಿದ ಎಪಿಕ್ಟೆಟಸ್ ಅದನ್ನು ಒತ್ತಿ ಹೇಳಿದ. ನಮ್ಮನ್ನು ಕಲಕುವುದು ನಡೆದ ಸಂಗತಿಯಲ್ಲ, ಅದರ ಬಗ್ಗೆ ನಾವು ಕೊಡುವ ತೀರ್ಪು ಎಂಬುದು ಅವನ ನಿಲುವು. ಏನಾದರೂ ನಡೆದಾಗ ಮನಸ್ಸಿನಲ್ಲಿ ಒಂದು ಅನಿಸಿಕೆ ಏಳುತ್ತದೆ. ಅದು ಮುಂದಿಟ್ಟ ಕಾಗದವಿದ್ದಂತೆ. ನಾವು ರುಜು ಹಾಕಿದ ಮೇಲಷ್ಟೇ ಅದಕ್ಕೆ ಅಧಿಕಾರ ಬರುತ್ತದೆ. ತೊಂದರೆ ಏನೆಂದರೆ, ಬಹಳ ಸಲ ಓದದೆಯೇ ರುಜು ಹಾಕಿಬಿಡುತ್ತೇವೆ.

ಹಾಗೆಂದು ಸ್ಟೋಯಿಕರು ಭಾವನೆಯನ್ನು ಅದುಮಿಡಿ ಎಂದವರಲ್ಲ. ಮುಖ ಬಿಳಿಚುವುದು, ಮೈ ನಡುಗುವುದು ಯಾರ ಹತೋಟಿಯಲ್ಲೂ ಇಲ್ಲವೆಂದು ಅವರಲ್ಲೊಬ್ಬನಾದ ಸೆನೆಕಾ ಕೋಪದ ಕುರಿತ ತನ್ನ ಗ್ರಂಥದಲ್ಲಿ ಒಪ್ಪಿಕೊಂಡಿದ್ದಾನೆ. ನಮ್ಮ ಕೆಲಸ ಶುರುವಾಗುವುದು ಆ ಮೊದಲ ನಡುಕದ ನಂತರ. ಹಗಲೆಲ್ಲ ತಾನು ಆಡಿದ್ದನ್ನೂ ಮಾಡಿದ್ದನ್ನೂ ದೀಪ ಆರಿಸಿದ ಮೇಲೆ ಒಂದೊಂದಾಗಿ ಪರಿಶೀಲಿಸುವ ರೂಢಿಯನ್ನು ಅವನು ಅದೇ ಗ್ರಂಥದಲ್ಲಿ ವಿವರಿಸುತ್ತಾನೆ.

ಬರವಣಿಗೆ ಈ ಪರಿಶೀಲನೆಗೆ ಹಿಡಿತ ಕೊಡುತ್ತದೆ. ಮಾರ್ಕಸ್ 'ಮೆಡಿಟೇಷನ್ಸ್'ನ ಎಂಟನೆಯ ಭಾಗದಲ್ಲಿ ಎರಡು ಉದಾಹರಣೆ ಕೊಡುತ್ತಾನೆ. ಯಾರೋ ನಿನ್ನನ್ನು ಬೈದರೆಂದು ಸುದ್ದಿ ಬಂದಿದೆ. ಅದರಿಂದ ನಿನಗೆ ಹಾನಿಯಾಯಿತೆಂಬ ಸುದ್ದಿ ಬಂದಿಲ್ಲ. ಮಗು ಕಾಯಿಲೆ ಬಿದ್ದಿರುವುದು ಕಾಣುತ್ತಿದೆ; ಜೀವಕ್ಕೆ ಅಪಾಯವಿದೆ ಎಂಬುದು ಕಾಣುತ್ತಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ ಬರೆದದ್ದೆಂದು ನೆನೆದಾಗ ಎರಡನೆಯ ಉದಾಹರಣೆಯ ತೂಕ ತಿಳಿಯುತ್ತದೆ.

ಇಂದಿನ ಕಚೇರಿಯ ಉದ್ಯೋಗಿಯೂ ಹೀಗೆಯೇ ಬರೆಯಬಹುದು. 'ಸಭೆಯಲ್ಲಿ ನನ್ನ ಮಾತನ್ನು ಅರ್ಧಕ್ಕೆ ತಡೆದರು' ಎಂಬುದು ನಡೆದ ಸಂಗತಿ. 'ಇಲ್ಲಿ ನನಗೆ ಬೆಲೆಯೇ ಇಲ್ಲ' ಎಂಬುದು ತಾನೇ ಸೇರಿಸಿದ ತೀರ್ಪು. ತಲೆಯೊಳಗೆ ಇವೆರಡೂ ಒಂದೇ ಮಾತಾಗಿ ಸುತ್ತುತ್ತಿರುತ್ತವೆ. ಹಾಳೆಯ ಮೇಲೆ ಎರಡು ಸಾಲಾದಾಗ, ಎರಡನೆಯದಕ್ಕೆ ಆಧಾರವೇನೆಂದು ಕೇಳಲು ಜಾಗ ಸಿಗುತ್ತದೆ.

ಬರವಣಿಗೆಯ ಫಲವನ್ನು ಪ್ರಯೋಗಗಳೂ ಪರೀಕ್ಷಿಸಿವೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಾಂಡ್ರಾ ಬೀಲ್ ಜೊತೆಗೂಡಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬದುಕಿನ ಕಹಿ ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ದಿನ ಕಳೆದಂತೆ 'ಏಕೆಂದರೆ', 'ಈಗ ಅರ್ಥವಾಗುತ್ತಿದೆ' ಎಂಬಂಥ ಮಾತುಗಳನ್ನು ಹೆಚ್ಚು ಬಳಸಿದವರಿಗೆ ಹೆಚ್ಚು ಲಾಭವಾಯಿತೆಂದು ಪೆನ್ನೆಬೇಕರ್ ಅವರ ಮುಂದಿನ ಸಂಶೋಧನೆ ತೋರಿಸಿತು. ಬರೀ ಹೊರಗೆ ಸುರಿಯುವುದಕ್ಕಿಂತ, ಕಾರಣ ಹುಡುಕುತ್ತ ಬರೆಯುವುದು ಫಲಿಸುತ್ತದೆ ಎಂದಾಯಿತು.

ಇದಕ್ಕೆ ಮಿತಿಯೂ ಇದೆ. 2006ರಲ್ಲಿ ಇಂಥ ಬರವಣಿಗೆಯ ಕುರಿತ 146 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಪ್ರಯೋಜನ ಇರುವುದು ನಿಜ, ಆದರೆ ಸಣ್ಣದು ಎಂದು ತಿಳಿದುಬಂತು. ಅದೇ ನೋವನ್ನು ಅದೇ ಮಾತುಗಳಲ್ಲಿ ದಿನವೂ ಬರೆದರೆ ಕೊರಗು ಬೇರೂರಬಹುದು. ಆಘಾತ ಆಳವಾಗಿದ್ದರೆ ಪುಸ್ತಕದ ಹಾಳೆ ಸಾಲದು, ಆಪ್ತಸಮಾಲೋಚಕರ ನೆರವು ಬೇಕು.

ಒಮ್ಮೆ ಬರೆದು ಮುಗಿಸುವ ಕೆಲಸವೂ ಇದಲ್ಲ. ಹನ್ನೊಂದನೆಯ ಭಾಗದಲ್ಲಿ ಮಾರ್ಕಸ್, ಸಿಟ್ಟು ಬಂದಾಗ ನೆನೆಯಬೇಕಾದ ವಿಚಾರಗಳನ್ನು ಒಂದೊಂದಾಗಿ ಎಣಿಸುತ್ತ ಹತ್ತರವರೆಗೆ ಹೋಗುತ್ತಾನೆ. ಸಿಟ್ಟಿನ ಬಗ್ಗೆ ಅವನು ಅದಕ್ಕೂ ಮೊದಲೇ ಹಲವು ಸಲ ಬರೆದಿದ್ದ. ಹನ್ನೊಂದನೆಯ ಭಾಗಕ್ಕೆ ಬಂದರೂ ಆ ಪಟ್ಟಿ ಅವನಿಗೆ ಬೇಕಾಗಿತ್ತು.